ಟೋಪಿ ಮೇಲಿನ ಕಂಬ ಹೋಯ್ತು, ಹೆಸರು ಉಳೀತು



ಇವತ್ತು ಅಕ್ಟೋಬರ್ 1. ನಾಳೆ ಗಾಂಧಿ ಜಯಂತಿ, ರಜೆ ಇರೋದ್ರಿಂದ ಎಲ್ಲರಿಗೂ ನೆನಪಿರುತ್ತೆ. ಇವತ್ತಿನ ವಿಶೇಷ ಏನು ಅಂತ ಕೇಳಿದ್ರೆ ನಮ್ಮ ಸಂಘಟನೆಗಳ ಗ್ರೂಪುಗಳಲ್ಲೂ ಹೇಳೋರು ಕಡಿಮೆ. ಮಹಾರ್ ರೆಜಿಮೆಂಟ್ ಹುಟ್ಟಿದ ದಿನ ಇದು. 1941ರ ಅಕ್ಟೋಬರ್‌ನಲ್ಲಿ ಅದರ ಮೊದಲ ಬೆಟಾಲಿಯನ್ ಕಟ್ಟಿದ್ದು ಪುಣೆಯಲ್ಲಲ್ಲ, ನಾಗಪುರದಲ್ಲಲ್ಲ, ಮುಂಬಯಿಯಲ್ಲೂ ಅಲ್ಲ. ನಮ್ಮ ಬೆಳಗಾವಿಯಲ್ಲಿ. ಮರುವರ್ಷ 1942ರಲ್ಲಿ ಅದೇ ರೆಜಿಮೆಂಟಿನ 25ನೇ ಬೆಟಾಲಿಯನ್ ಕಟ್ಟಿದ್ದೂ ಬೆಳಗಾವಿಯಲ್ಲೇ. ಅಂದ್ರೆ ಎರಡನೇ ಮಹಾಯುದ್ಧದ ಕಾಲದ ನಾಲ್ಕು ಬೆಟಾಲಿಯನ್‌ಗಳಲ್ಲಿ ಎರಡು ನಮ್ಮ ನೆಲದವು.

ಆಗ ಬೆಳಗಾವಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, 1956ರಲ್ಲಿ ನಮ್ಮ ರಾಜ್ಯಕ್ಕೆ ಬಂತು, ನಿಜ. ಆದರೂ ಬೆಳಗಾವಿ ಅಂದ ಕೂಡಲೇ ನಮಗೆ ಗಡಿ ವಿವಾದ ನೆನಪಾಗುತ್ತೆ, ಸುವರ್ಣಸೌಧ ನೆನಪಾಗುತ್ತೆ, ಸೈನ್ಯ ಅಂದ್ರೆ ಅಲ್ಲಿರೋ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ನೆನಪಾಗುತ್ತೆ. ಬೆಂಗಳೂರಿನವರಿಗಂತೂ ರೆಜಿಮೆಂಟ್ ಅಂದ್ರೆ ಹಲಸೂರು ಕೆರೆ ಪಕ್ಕದ ಎಂಇಜಿ, ಅಷ್ಟೇ. ನಮ್ಮವರ ಹೆಸರು ಹೊತ್ತ ಒಂದು ರೆಜಿಮೆಂಟ್ ನಮ್ಮ ರಾಜ್ಯದ ಊರಲ್ಲಿ ಕಣ್ಣು ಬಿಟ್ಟಿತು ಅನ್ನೋದು ಯಾವ ಬ್ಯಾನರಿನಲ್ಲೂ ಇಲ್ಲ.

ನಾವು ಜನವರಿ 1 ಮಾಡ್ತೀವಿ. ಕೋರೆಗಾಂವ್ ಕಂಬದ ಫೋಟೋ ಹಾಕ್ತೀವಿ, ವಿಜಯೋತ್ಸವ ಮಾಡ್ತೀವಿ, ಕೆಲವರು ಬಸ್ ಮಾಡ್ಕೊಂಡು ಅಲ್ಲಿಗೇ ಹೋಗಿ ಬರ್ತಾರೆ. ಮಾಡ್ಬೇಕು. ಬಾಬಾಸಾಹೇಬರೇ 1927ರ ಜನವರಿ 1ರಂದು ಅಲ್ಲಿಗೆ ಹೋಗಿದ್ರು. ಆದರೆ ಆ ಕಂಬದ ಮುಂದಿನ ಕತೆ, ಅಂದ್ರೆ ಆ ಕಂಬ ಒಂದು ರೆಜಿಮೆಂಟಿನ ಟೋಪಿ ಮೇಲೆ ಹೇಗೆ ಬಂತು, ಹೇಗೆ ಹೋಯ್ತು, ಹೋದ ಮೇಲೆ ಏನು ಉಳೀತು ಅನ್ನೋದು ನಮಗೆ ಇನ್ನೂ ದೊಡ್ಡ ಪಾಠ ಅಂತ ನನಗನ್ನಿಸುತ್ತೆ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಮೊದಲು ಲೆಕ್ಕ ಸರಿ ಮಾಡ್ಕೊಳ್ಳೋಣ. "500 ಮಹಾರರು 28,000 ಪೇಶ್ವೆ ಸೈನಿಕರನ್ನ ಸೋಲಿಸಿದರು" ಅನ್ನೋ ಪೋಸ್ಟರನ್ನ ನಾನು ಹಂಚಲ್ಲ. ಹೆಮ್ಮೆ ಕಡಿಮೆ ಅಂತಲ್ಲ, ಲೆಕ್ಕ ಸರಿಯಿಲ್ಲ ಅಂತ. 1818ರ ಜನವರಿ 1ರಂದು ಭೀಮಾ ನದಿ ದಡದ ಆ ಊರಲ್ಲಿ ಕ್ಯಾಪ್ಟನ್ ಸ್ಟಾಂಟನ್ ಕೈಕೆಳಗೆ ಇದ್ದದ್ದು ಒಟ್ಟು ಸುಮಾರು 800 ಜನ. ಅದರಲ್ಲಿ ಬಾಂಬೆ ನೇಟಿವ್ ಇನ್‌ಫೆಂಟ್ರಿಯ ಸುಮಾರು 500 ಕಾಲಾಳುಗಳು, ಉಳಿದವರು ಕುದುರೆ ಸವಾರರು, ಜೊತೆಗೆ ಎರಡು ತೋಪು, ಅವನ್ನ ಹಾರಿಸೋ ಮದ್ರಾಸ್ ಫಿರಂಗಿ ದಳದವರು. ಆ 500 ಕಾಲಾಳುಗಳಲ್ಲಿ ಮಹಾರರು ದೊಡ್ಡ ಸಂಖ್ಯೆಯಲ್ಲಿದ್ರು, ಆದರೆ ಎಲ್ಲರೂ ಮಹಾರರಲ್ಲ. ಆ ಕಡೆ ಪೇಶ್ವೆಯ ಸೈನ್ಯ 28,000 ಇತ್ತು ಅಂತಾರೆ, ಊರಿನ ಮೇಲೆ ಬಿದ್ದವರು ಸುಮಾರು 2,000. ಅವರಲ್ಲಿ ಅರಬರೂ ಇದ್ರು, ಗೋಸಾವಿಗಳೂ ಇದ್ರು. ಇಡೀ ದಿನ ನೀರಿಲ್ಲದೆ, ಅನ್ನವಿಲ್ಲದೆ ಸಣ್ಣ ಪಡೆ ಊರು ಬಿಟ್ಟುಕೊಡಲಿಲ್ಲ. ರಾತ್ರಿ ಪೇಶ್ವೆಯ ಸೈನ್ಯ ಹಿಂದೆ ಸರೀತು. ಕಂಪನಿ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 275.

ಇಷ್ಟು ಸಾಲದಾ? ಇದಕ್ಕೆ ಉಪ್ಪುಖಾರ ಹಚ್ಚಬೇಕಾ? ನಾವು ಒಂದು ಸೊನ್ನೆ ಜಾಸ್ತಿ ಹಾಕಿದ್ರೆ ಎದುರಿನವರು ಆ ಸೊನ್ನೆಯನ್ನೇ ಹಿಡ್ಕೊಂಡು ಇಡೀ ಚರಿತ್ರೆ ಸುಳ್ಳು ಅಂತಾರೆ. ಕಂಬದ ಮೇಲಿನ ಕಲ್ಲೇ ನಮ್ಮ ಪರವಾಗಿ ಸಾಕ್ಷಿ ಹೇಳುತ್ತೆ. ಅಲ್ಲಿ ಕೆತ್ತಿರೋ 49 ಹೆಸರುಗಳಲ್ಲಿ 22 ಹೆಸರುಗಳ ಕೊನೆಗೆ "ನಾಕ್" ಅಂತಿದೆ. ಆ ಕಾಲದಲ್ಲಿ ಮಹಾರರ ಹೆಸರಿಗೆ ಹತ್ತಿಕೊಂಡು ಬರ್ತಿದ್ದ ಬಾಲ ಅದು. ಯಾರ ನೆರಳು ಬಿದ್ರೆ ಮೈಲಿಗೆ ಅಂತಿದ್ರೋ, ಅವರ ಹೆಸರು, ಜಾತಿ ಗೊತ್ತಾಗೋ ಹಾಗೇ, ಕಲ್ಲಿನ ಮೇಲೆ ನಿಂತಿದೆ. ಪೇಶ್ವೆಯರ ಪುಣೆಯಲ್ಲಿ ಅಸ್ಪೃಶ್ಯರು ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ ಕಟ್ಕೊಂಡು ಓಡಾಡಬೇಕಿತ್ತು ಅಂತ ಬಾಬಾಸಾಹೇಬರು "ಜಾತಿ ವಿನಾಶ"ದಲ್ಲಿ ಬರೆದಿದ್ದಾರೆ. ಆ ಮಡಕೆ ಪೊರಕೆಯ ಪಕ್ಕದಲ್ಲಿ ಈ 22 ಹೆಸರು ಇಟ್ಟು ನೋಡಿ, ಸಾಕು.

"ಬ್ರಿಟಿಷರ ಪರ ಕಾದಾಡಿದವರು, ದೇಶದ್ರೋಹಿಗಳು" ಅಂತ ಪ್ರತಿ ಜನವರಿಯಲ್ಲೂ ಕಾಮೆಂಟ್ ಬರುತ್ತೆ. ಕನ್ನಡಿಗರಾದ ನಾವು ಇದಕ್ಕೆ ನಮ್ಮ ನೆಲದ ಚರಿತ್ರೆಯಿಂದಲೇ ಉತ್ತರ ಕೊಡಬಹುದು. ಮೂರನೇ ಮೈಸೂರು ಯುದ್ಧದಲ್ಲಿ, 1790ರಿಂದ 92ರವರೆಗೆ, ಟಿಪ್ಪು ವಿರುದ್ಧ ಕಂಪನಿ ಜೊತೆ ಕೈಜೋಡಿಸಿದ್ದು ಯಾರು? ಪೇಶ್ವೆ ಮತ್ತು ನಿಜಾಮ. 1791ರಲ್ಲಿ ಶೃಂಗೇರಿ ಮಠವನ್ನ ಲೂಟಿ ಮಾಡಿದ್ದು ಮರಾಠಾ ಪಡೆ, ಮಠವನ್ನ ಮತ್ತೆ ಎತ್ತಿ ನಿಲ್ಲಿಸೋಕೆ ನೆರವು ಕಳಿಸಿದ್ದು ಟಿಪ್ಪು. ಇನ್ನು ಕೋರೆಗಾಂವ್‌ನಲ್ಲಿ ಸೋತ ಎರಡನೇ ಬಾಜಿರಾವ್, 1802ರ ಡಿಸೆಂಬರ್ 31ರಂದು ತನ್ನ ಗಾದಿ ಉಳಿಸ್ಕೊಳ್ಳೋಕೆ ವಸೈನಲ್ಲಿ ಅದೇ ಬ್ರಿಟಿಷರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದವನು. ಗಾದಿಗೋಸ್ಕರ ಪೇಶ್ವೆ ಬ್ರಿಟಿಷರ ಹತ್ರ ಹೋದ್ರೆ ರಾಜನೀತಿ, ಹೊಟ್ಟೆಗೋಸ್ಕರ, ಮರ್ಯಾದೆಗೋಸ್ಕರ ಮಹಾರ ಹೋದ್ರೆ ದ್ರೋಹ. ಈ ತಕ್ಕಡಿಯನ್ನ ನಾವ್ಯಾಕೆ ಒಪ್ಕೋಬೇಕು?

ಆದರೆ ಬ್ರಿಟಿಷರು ನಮ್ಮವರಿಗೆ ಋಣ ತೀರಿಸಿದ್ರಾ? ಇಲ್ಲ. ನಮ್ಮ ಭಾಷಣಗಳಲ್ಲಿ ಬಿಟ್ಟುಹೋಗೋ ಅಧ್ಯಾಯ ಇದೇ. 1890ರ ದಶಕದ ಶುರುವಿನಲ್ಲಿ ಬ್ರಿಟಿಷ್ ಸರ್ಕಾರ ಮಹಾರರನ್ನ ಸೈನ್ಯಕ್ಕೆ ತಗೊಳ್ಳೋದನ್ನ ನಿಲ್ಲಿಸ್ತು. ಆಗಿನ ದಂಡನಾಯಕ ಲಾರ್ಡ್ ರಾಬರ್ಟ್ಸ್ ಕಾಲದಲ್ಲಿ "ಯುದ್ಧ ಮಾಡೋ ಜನಾಂಗಗಳು" ಅನ್ನೋ ಒಂದು ಸಿದ್ಧಾಂತ ಬಲವಾಯ್ತು. ಕೆಲವು ಜಾತಿಗಳು ಹುಟ್ಟಾ ವೀರರು, ಉಳಿದವರು ಲಾಯಕ್ಕಿಲ್ಲ ಅನ್ನೋ ಲೆಕ್ಕ. ಮನುಸ್ಮೃತಿ ಬಾಗಿಲಿಗೆ ಹಾಕಿದ ಬೀಗಕ್ಕೆ ಲಂಡನ್ನಿನಿಂದ ಇನ್ನೊಂದು ಬೀಗ ಬಂತು. ರೆಜಿಮೆಂಟುಗಳನ್ನ ಜಾತಿವಾರು ಮಾಡಿದ್ರು, ಮೇಲ್ಜಾತಿಯ ಸಿಪಾಯಿ ನಮ್ಮ ಸುಬೇದಾರನಿಗೆ ಸಲಾಂ ಹೊಡೆಯಲ್ಲ ಅನ್ನೋದನ್ನ ಸರ್ಕಾರ ಮೌನವಾಗಿ ಒಪ್ಕೊಳ್ತು. ನೂರು ವರ್ಷ ದುಡಿಸಿಕೊಂಡು ಕೈ ಬಿಟ್ಟರು.

ಇದರ ಪೆಟ್ಟು ಎಷ್ಟು ದೊಡ್ಡದು ಅಂತ ತಿಳೀಬೇಕಾದ್ರೆ ಒಂದೇ ಮನೆ ನೋಡಿ. ಸುಬೇದಾರ್ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿದ್ದವರು, ಸೈನ್ಯದ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಅವರ ತಂದೆ ಮಾಲೋಜಿ ಕೂಡ ಸಿಪಾಯಿ. ರಾಮ್‌ಜಿಯವರ ಮಗ 1891ರ ಏಪ್ರಿಲ್ 14ರಂದು ಮಹೂ ಅನ್ನೋ ಸೈನಿಕ ಠಾಣೆಯಲ್ಲಿ ಹುಟ್ಟಿದ. ಆ ಮಗ ಯಾರು ಅಂತ ನಾನು ಹೇಳಬೇಕಾಗಿಲ್ಲ. ಊರಲ್ಲಿ ಶಾಲೆಯ ಹೊಸಿಲು ತುಳಿಯಕ್ಕಾಗದ ಜಾತಿಗೆ ಸೈನ್ಯದ ಲೈನುಗಳಲ್ಲಿ ಅಕ್ಷರ ಸಿಕ್ತಿತ್ತು, ತಿಂಗಳ ಸಂಬಳ ಸಿಕ್ತಿತ್ತು, ಪಿಂಚಣಿ ಸಿಕ್ತಿತ್ತು. ಬಾಬಾಸಾಹೇಬರು ಹುಟ್ಟಿದ ಒಂದೆರಡು ವರ್ಷಕ್ಕೇ ಆ ಬಾಗಿಲು ಮುಚ್ಚಿತು. ಮುಚ್ಚಿದ್ದು ಬರೀ ಬಂದೂಕಿನ ಬಾಗಿಲಲ್ಲ, ಸ್ಲೇಟಿನ ಬಾಗಿಲೂ ಹೌದು.

ಆಗ ನಮ್ಮ ಹಿರಿಯರು ಏನು ಮಾಡಿದ್ರು? ಅರ್ಜಿ ಬರೆದ್ರು.

ಗೋಪಾಲಬಾಬಾ ವಲಂಗಕರ್ ಅಂತ ಒಬ್ಬರಿದ್ರು. ಸೈನ್ಯದಿಂದ ನಿವೃತ್ತರಾದವರು, ಫುಲೆಯವರ ದಾರಿಯವರು, ಅಸ್ಪೃಶ್ಯತೆ ವಿರುದ್ಧ 1888ರಲ್ಲೇ "ವಿಟಾಳ ವಿಧ್ವಂಸಕ" ಅನ್ನೋ ಪುಸ್ತಿಕೆ ತಂದವರು. 1894ರಲ್ಲಿ ಅವರು ಮಹಾರ, ಚಮ್ಮಾರರನ್ನ ಮತ್ತೆ ಸೈನ್ಯಕ್ಕೆ ತಗೊಳ್ಳಿ ಅಂತ ಮನವಿ ಸಿದ್ಧ ಮಾಡಿದ್ರು. ಆಮೇಲೆ ಶಿವರಾಮ ಜಾನಬಾ ಕಾಂಬಳೆ ಬಂದ್ರು. 1910ರಲ್ಲಿ ಜೇಜೂರಿಯಲ್ಲಿ ದಖ್ಖನದ ಮಹಾರರ ಸಮಾವೇಶ ಮಾಡಿ, ಸೈನ್ಯದಲ್ಲಿ, ಪೊಲೀಸಿನಲ್ಲಿ ಕೆಲಸ ಕೊಡಿ ಅಂತ ನೇರ ಲಂಡನ್ನಿನ ಭಾರತ ಮಂತ್ರಿಗೇ ಅರ್ಜಿ ಕಳಿಸಿದ್ರು. ಯೋಚನೆ ಮಾಡಿ, ಊರಿನ ಕುಲಕರ್ಣಿ ಎದುರು ನಿಂತು ಮಾತಾಡೋ ಹಾಗಿಲ್ಲದ ಜನ, ಸಮುದ್ರದಾಚೆ ಮಂತ್ರಿಗೆ ಕಾಗದ ಬರೆದಿದ್ದು.

ಮೊದಲ ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ ಸರ್ಕಾರಕ್ಕೆ ನಮ್ಮವರು ನೆನಪಾದ್ರು. 1917ರಲ್ಲಿ 111ನೇ ಮಹಾರ್ಸ್ ಅನ್ನೋ ಪಡೆ ಕಟ್ಟಿದ್ರು. ಯುದ್ಧ ಮುಗೀತು, 1921ರಲ್ಲಿ ಅದನ್ನ ವಿಸರ್ಜನೆ ಮಾಡಿದ್ರು. ಬೇಕಾದಾಗ ಕರೆಯೋದು, ಬೇಡವಾದಾಗ ಮನೆಗೆ ಕಳಿಸೋದು. ಇವತ್ತಿನ ಗುತ್ತಿಗೆ ಪೌರಕಾರ್ಮಿಕರಿಗೆ ಈ ಕತೆ ಬಿಡಿಸಿ ಹೇಳೋದು ಬೇಡ.

1941ರಲ್ಲಿ ಮತ್ತೆ ಯುದ್ಧ, ಮತ್ತೆ ಜನ ಬೇಕು. ಆದರೆ ಈ ಸಲ ಮೇಜಿನ ಆ ಕಡೆ ಸುಬೇದಾರರ ಮಗ ಇದ್ರು. ಆ ವರ್ಷ ಜುಲೈನಲ್ಲಿ ವೈಸರಾಯ್ ಬಾಬಾಸಾಹೇಬರನ್ನ ರಕ್ಷಣಾ ಸಲಹಾ ಸಮಿತಿಗೆ ತಗೊಂಡ್ರು. ಅವರು ಆ ಕುರ್ಚಿಯನ್ನ ಬಳಸ್ಕೊಂಡು ಮಹಾರರದ್ದೇ ರೆಜಿಮೆಂಟ್ ಬೇಕು ಅಂತ ಒತ್ತಡ ಹಾಕಿದ್ರು, ಇತ್ತ ಯುವಕರಿಗೆ ಸೈನ್ಯ ಸೇರಿ ಅಂತ ಕರೆ ಕೊಟ್ರು. ಅಕ್ಟೋಬರ್‌ನಲ್ಲಿ ಬೆಳಗಾವಿಯಲ್ಲಿ ಲೆಫ್ಟಿನೆಂಟ್ ಕರ್ನಲ್ ಜಾನ್ಸನ್ ಕೈಕೆಳಗೆ ಮೊದಲ ಬೆಟಾಲಿಯನ್ ನಿಂತಿತು. ಅದರ ಎರಡನೇ ಅಧಿಕಾರಿ ಮೇಜರ್ ಶೇಖ್ ಹಸನುದ್ದೀನ್. ಎರಡನೇ ಬೆಟಾಲಿಯನ್ ಕಾಮ್ಟಿಯಲ್ಲಿ, ಅಲ್ಲಿ ಎರಡನೇ ಅಧಿಕಾರಿ ಮೇಜರ್ ಭಾವುರಾವ್ ಗಾಯಕವಾಡ್.

1894ರಿಂದ 1941. ಲೆಕ್ಕ ಹಾಕಿ, 47 ವರ್ಷ. ನಾನು ಗುಮಾಸ್ತ, ದಿನಾ ಟಪಾಲು ನೋಡೋನು. ಅರ್ಜಿಗೆ ಇನ್‌ವರ್ಡ್ ನಂಬರ್ ಬಿದ್ದು, ಕಡತ ಆಗಿ, ಟೇಬಲ್ಲಿಂದ ಟೇಬಲ್ಲಿಗೆ ಹೋಗಿ, "ಪರಿಗಣಿಸಲು ಅವಕಾಶವಿರುವುದಿಲ್ಲ" ಅಂತ ಹಿಂಬರಹ ಬಂದ್ರೆ ನಮ್ಮ ಜನ ಎಷ್ಟು ಬೇಗ ಕೈ ಚೆಲ್ತಾರೆ ಅಂತ ನನಗೆ ಗೊತ್ತು. ಆ ಹಿರಿಯರಿಗೆ ಹಿಂಬರಹದ ಮೇಲೆ ಹಿಂಬರಹ ಬಂತು. ಒಬ್ಬರು ಸತ್ತರೆ ಇನ್ನೊಬ್ಬರು ಅದೇ ಅರ್ಜಿಯನ್ನ ಮುಂದುವರಿಸಿದ್ರು. ಕೋರೆಗಾಂವ್ ಒಂದು ದಿನದ ಯುದ್ಧ. ಇದು ಅರ್ಧ ಶತಮಾನದ ಯುದ್ಧ, ಮದ್ದುಗುಂಡಿಲ್ಲದ್ದು. ನಾವು ಮೊದಲನೇದಕ್ಕೆ ಮೆರವಣಿಗೆ ಮಾಡ್ತೀವಿ, ಎರಡನೇದನ್ನ ಮರೆತಿದ್ದೀವಿ.

ಈಗ ಟೋಪಿಗೆ ಬರೋಣ. ಸೈನ್ಯದಲ್ಲಿ ಟೋಪಿ ಬಿಲ್ಲೆ ಅಂದ್ರೆ ಬರೀ ಅಲಂಕಾರ ಅಲ್ಲ. ನಾವು ಯಾರು, ಎಲ್ಲಿಂದ ಬಂದವರು, ಯಾವುದನ್ನ ನೆನಪಿಟ್ಕೊಂಡಿದ್ದೀವಿ ಅನ್ನೋದು ಅಂಗೈಯಗಲದ ಲೋಹದಲ್ಲಿ ಇರುತ್ತೆ. ಹೊಸ ರೆಜಿಮೆಂಟಿಗೆ ಬಿಲ್ಲೆ ಬೇಕಾದಾಗ ಎರಡನೇ ಬೆಟಾಲಿಯನ್ನಿನ ಒಬ್ಬ ಕ್ಯಾಪ್ಟನ್ ವಿನ್ಯಾಸ ಮಾಡಿದ್ರು: ಕೋರೆಗಾಂವ್ ಕಂಬ, ಅದರ ಮೇಲೆ "ಮಹಾರ್" ಅನ್ನೋ ಪದ. 123 ವರ್ಷ ಹಳೇ ಯುದ್ಧದ ಕಲ್ಲು ಹೊಸ ಹುಡುಗರ ಹಣೆ ಮೇಲೆ ಬಂತು. ಇನ್ನೊಂದು ಸಂಗತಿ ಗಮನಿಸಿ. ಕೋರೆಗಾಂವ್‌ನಲ್ಲಿ ಕಾದಾಡಿದ ಆ ಕಾಲಾಳು ಪಡೆಯ ವಾರಸುದಾರಿಕೆ, ಆ ಯುದ್ಧದ ಗೌರವದ ಹೆಸರು ಹೋಗಿದ್ದು ಗ್ರೆನೇಡಿಯರ್ಸ್ ರೆಜಿಮೆಂಟಿಗೆ. ಸೈನ್ಯದ ವಂಶಾವಳಿಯಲ್ಲಿ ಕೋರೆಗಾಂವ್ ನಮ್ಮವರ ಲೆಕ್ಕಕ್ಕೆ ಬರಲ್ಲ. ಆದರೂ ನಮ್ಮವರು ಕಂಬವನ್ನ ತಗೊಂಡ್ರು. ದಾಖಲೆ ಅವರಿಗೆ ಹೋಯ್ತು, ನೆನಪು ನಮಗೆ ಬಂತು.

1946ರ ಅಕ್ಟೋಬರ್‌ನಲ್ಲಿ ಇದನ್ನ ಮೆಷಿನ್ ಗನ್ ರೆಜಿಮೆಂಟ್ ಮಾಡಿದ್ರು. ಬಿಲ್ಲೆ ಬದಲಾಯ್ತು. ಕಂಬದ ಮೇಲೆ ಅಡ್ಡಡ್ಡ ಎರಡು ವಿಕರ್ಸ್ ಮೆಷಿನ್ ಗನ್ನು, ಕೆಳಗಿನ ಪಟ್ಟಿಯಲ್ಲಿ ಮಹಾರ್ ಮೆಷಿನ್ ಗನ್ ರೆಜಿಮೆಂಟ್ ಅಂತ ಹೆಸರು. ಮುಂದೆ ಕಂಬವನ್ನ ತೆಗೆದ್ರು, ಆ ಜಾಗಕ್ಕೆ ಕಠಾರಿ ಬಂತು. ಇವತ್ತು ಆ ಬಿಲ್ಲೆ ನೋಡಿದ್ರೆ ಟ್ರೈಪಾಡ್ ಮೇಲೆ ಎರಡು ಗನ್ನು, ಒಂದು ಕಠಾರಿ, ಕೆಳಗೆ ಹೆಸರು. ಕಂಬ ಇಲ್ಲ. ವಿಕರ್ಸ್ ಗನ್ನಿನ ಕಾಲ ಮುಗಿದು ರೆಜಿಮೆಂಟ್ ಮಾಮೂಲಿ ಪದಾತಿ ದಳ ಆಗಿ ಎಷ್ಟೋ ವರ್ಷ ಆಯ್ತು, ಗನ್ನು ಮಾತ್ರ ಟೋಪಿ ಮೇಲೆ ಇನ್ನೂ ಇದೆ.

ಭಾರತೀಯರ ವಿರುದ್ಧ ಕಂಪನಿಗಾಗಿ ಗೆದ್ದ ಯುದ್ಧಗಳನ್ನ ಸ್ವತಂತ್ರ ಭಾರತದ ಸೈನ್ಯ ಸಂಭ್ರಮಿಸೋ ಹಾಗಿಲ್ಲ ಅನ್ನೋದು ಒಂದು ನೀತಿ. ನೀತಿ ಒಳ್ಳೇದೇ. ಆದರೆ ನಮ್ಮ ದಕ್ಷಿಣದ ಮದ್ರಾಸ್ ರೆಜಿಮೆಂಟನ್ನ ನೋಡಿ. 1758ರಿಂದ ಲೆಕ್ಕ ಹಿಡಿಯೋ ಹಳೇ ರೆಜಿಮೆಂಟ್, ನಮ್ಮ ಮೈಸೂರು ಸಂಸ್ಥಾನದ ಪದಾತಿ ದಳವೂ ಸ್ವಾತಂತ್ರ್ಯದ ನಂತರ ಅದರ ಒಂದು ಬೆಟಾಲಿಯನ್ ಆಗಿ ಸೇರಿದೆ. ಅದರ ಬಿಲ್ಲೆಯಲ್ಲಿ ಆನೆ ಇದೆ. ಯಾವ ಆನೆ? ಅಸ್ಸಾಯೆ ಆನೆ. 1803ರಲ್ಲಿ ಅಸ್ಸಾಯೆಯಲ್ಲಿ ವೆಲ್ಲೆಸ್ಲಿ ಕೈಕೆಳಗೆ ಮದ್ರಾಸ್ ಸಿಪಾಯಿಗಳು ಸಿಂಧಿಯಾ, ಭೋಂಸ್ಲೆಯರ ಮರಾಠಾ ಸೈನ್ಯವನ್ನ ಸೋಲಿಸಿದ್ದಕ್ಕೆ ಕಂಪನಿ ಕೊಟ್ಟ ಆನೆ. ಮರಾಠರ ವಿರುದ್ಧ ಕಂಪನಿ ಗೆದ್ದ ಗುರುತು ಅದೂ ಹೌದು, ಇದೂ ಹೌದು. ಆನೆ ಇವತ್ತಿಗೂ ಟೋಪಿ ಮೇಲೆ ಆರಾಮಾಗಿ ನಿಂತಿದೆ. ಕಂಬ ಇಳೀತು. ಆನೆ ತೆಗೀರಿ ಅಂತ ನಾನು ಹೇಳ್ತಿಲ್ಲ. ಆನೆಯಿಂದ ಯಾರಿಗೂ ಮುಜುಗರ ಆಗಲ್ಲ, ಕಂಬದಿಂದ ಆಗುತ್ತೆ, ಯಾಕಂದ್ರೆ ಆನೆ ಜಾತಿ ಹೇಳಲ್ಲ. ಇಷ್ಟನ್ನ ಗಮನಿಸಿ ಅಂತ ಹೇಳ್ತಿದ್ದೀನಿ.

ಹಾಗಾದ್ರೆ ನಾವು ಸೋತ್ವಾ? ಇಲ್ಲಿ ನನ್ನ ಅಭಿಪ್ರಾಯ ಬೇರೆ. ಬಿಲ್ಲೆಯಲ್ಲಿ ಎರಡು ಸಂಗತಿ ಇದ್ದವು, ಕಂಬ ಮತ್ತು ಹೆಸರು. ಕಂಬ ಹೋಯ್ತು, ಹೆಸರು ಉಳೀತು. ಎರಡರಲ್ಲಿ ದೊಡ್ಡದು ಹೆಸರೇ.

ಇದೇ ಕಾಲದ ಇನ್ನೆರಡು ರೆಜಿಮೆಂಟುಗಳ ಜೊತೆ ಹೋಲಿಸಿ. 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದ್ರು. ಕೊಹಿಮಾದಂಥ ಘೋರ ಯುದ್ಧದಲ್ಲಿ ಕಾದಾಡಿದ ಪಡೆ ಅದು. 1946ರಲ್ಲಿ ವಿಸರ್ಜನೆ. ರೆಜಿಮೆಂಟೂ ಹೋಯ್ತು, ಹೆಸರೂ ಹೋಯ್ತು. ಮತ್ತೆ ಕಟ್ಟಿ ಅನ್ನೋ ಒತ್ತಾಯ ಉತ್ತರ ಭಾರತದಲ್ಲಿ ಇನ್ನೂ ಇದೆ. 1941ರಲ್ಲೇ ಪಂಜಾಬಿನ ಮಜ್ಹಬಿ ಮತ್ತು ರಾಮದಾಸಿಯಾ ಸಿಖ್ಖರ ರೆಜಿಮೆಂಟ್ ಕಟ್ಟಿದ್ರು, ಅವರೂ ಅಸ್ಪೃಶ್ಯ ಮೂಲದವರೇ. 1944ರಲ್ಲಿ ಅದಕ್ಕೆ ಸಿಖ್ ಲೈಟ್ ಇನ್‌ಫೆಂಟ್ರಿ ಅಂತ ಹೆಸರು ಬದಲಾಯ್ತು. ರೆಜಿಮೆಂಟ್ ಉಳೀತು, ಹೆಸರು ಕರಗಿತು. ಮೂರರಲ್ಲಿ ರೆಜಿಮೆಂಟೂ ಉಳಿದು ಹೆಸರೂ ಉಳಿದದ್ದು ಮಹಾರ್ ಒಂದೇ.

ಉಳಿದ ಹೆಸರಿಗೆ ಆಮೇಲೆ ಏನಾಯ್ತು ನೋಡಿ. ಸ್ವಾತಂತ್ರ್ಯದ ನಂತರ ಈ ರೆಜಿಮೆಂಟ್ ಒಂದೇ ಜಾತಿಯದ್ದಾಗಿ ಉಳಿಯಲಿಲ್ಲ. ದೇಶದ ಎಲ್ಲಾ ಕಡೆಯ, ಎಲ್ಲಾ ಸಮುದಾಯಗಳ ಹುಡುಗರನ್ನ ತಗೊಳ್ಳೋ ಕೆಲವೇ ರೆಜಿಮೆಂಟುಗಳಲ್ಲಿ ಇದೂ ಒಂದಾಯ್ತು. ಇವತ್ತು ಮಧ್ಯಪ್ರದೇಶದ ಸಾಗರದಲ್ಲಿರೋ ಅದರ ಕೇಂದ್ರದಲ್ಲಿ ತರಬೇತಿ ಮುಗಿಸಿ ಹೊರಬರೋ ಹುಡುಗ ಯಾವ ಜಾತಿಯವನೇ ಆಗಲಿ, ಅವನ ಭುಜದ ಮೇಲೆ "ಮಹಾರ್" ಅಂತಲೇ ಇರುತ್ತೆ. ಈ ರೆಜಿಮೆಂಟಿನಿಂದ ಇಬ್ಬರು ಭೂಸೇನೆಯ ಮುಖ್ಯಸ್ಥರಾದರು, ಜನರಲ್ ಕೆ.ವಿ. ಕೃಷ್ಣರಾವ್ ಮತ್ತು ಜನರಲ್ ಸುಂದರ್‌ಜಿ. ಶ್ರೀಲಂಕಾದಲ್ಲಿ 1987ರ ನವೆಂಬರ್ 25ರಂದು ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ 8ನೇ ಮಹಾರ್‌ನವರು. ಇವರು ಯಾರೂ ಹುಟ್ಟಿನಿಂದ ಆ ಹೆಸರು ಪಡೆದವರಲ್ಲ, ಸೇವೆಯಿಂದ ಪಡೆದವರು.

ಒಂದು ಕಾಲದಲ್ಲಿ ಊರ ಬಾಗಿಲ ಹೊರಗೆ ನಿಂತು ಜೋಹಾರ್ ಹೇಳಬೇಕಾಗಿದ್ದವರ ಹೆಸರು ಅದು. ಇವತ್ತು ಮೇಲ್ಜಾತಿಯ ಅಧಿಕಾರಿ ಆ ಹೆಸರನ್ನ ಇಸ್ತ್ರಿ ಮಾಡಿದ ಯೂನಿಫಾರಂ ಮೇಲೆ ಹಾಕ್ಕೊಂಡು ಕರ್ತವ್ಯ ಪಥದಲ್ಲಿ ನಡೆದಿದ್ದಾನೆ. ಬೈಗುಳವನ್ನ ಬಿರುದು ಮಾಡೋದು ಅಂದ್ರೆ ಇದು. ಕಂಬ ಹೇಳ್ತಿದ್ದದ್ದು "ನಾವು ಒಮ್ಮೆ ಗೆದ್ದಿದ್ವಿ" ಅಂತ. ಹೆಸರು ಹೇಳೋದು "ನಾವು ಇದ್ದೀವಿ, ನೀವೂ ಬನ್ನಿ, ಆದ್ರೆ ನಮ್ಮ ಹೆಸರಲ್ಲಿ ಬನ್ನಿ" ಅಂತ.

ಇಲ್ಲಿ ನಮ್ಮವರೇ ಎರಡು ಪ್ರಶ್ನೆ ಕೇಳ್ತಾರೆ, ಕೇಳಬೇಕು ಕೂಡ. ಮೊದಲನೇದು, ಬುದ್ಧನ ದಾರಿ ಹಿಡಿದವರಿಗೆ ಗನ್ನು, ಕಠಾರಿಯ ಹೆಮ್ಮೆ ಯಾಕೆ? ನನಗೂ ಯುದ್ಧದ ಮೇಲೆ ಪ್ರೀತಿ ಇಲ್ಲ. ಸತ್ತವರ ಪಟ್ಟಿಯಲ್ಲಿ ಬಡವರ ಮಕ್ಕಳೇ ಮೊದಲು ಇರ್ತಾರೆ. ಆದರೆ ವಲಂಗಕರ್, ಕಾಂಬಳೆ ಕೇಳಿದ್ದು ಕೊಲ್ಲೋ ಹಕ್ಕನ್ನಲ್ಲ. ಸಾರ್ವಜನಿಕ ಕೆಲಸದಲ್ಲಿ ಸಮಪಾಲು, ಅದರ ಹಿಂದೆ ಬರೋ ಸಂಬಳ, ಶಾಲೆ, ಮರ್ಯಾದೆ. ಇವತ್ತು ನಾವು ಕೆಪಿಎಸ್‌ಸಿ, ಬ್ಯಾಕ್‌ಲಾಗ್ ಹುದ್ದೆ ಅಂತ ಕೇಳ್ತೀವಲ್ಲ, ಅದರ ಮುತ್ತಜ್ಜ ಆ ಅರ್ಜಿ.

ಎರಡನೇ ಪ್ರಶ್ನೆ ಇನ್ನೂ ಕಷ್ಟದ್ದು. ಜಾತಿ ಹೆಸರನ್ನ ಉಳಿಸ್ಕೊಂಡ್ರೆ ಜಾತಿಯನ್ನೇ ಉಳಿಸ್ಕೊಂಡ ಹಾಗಲ್ವಾ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಜೊತೆ ಧಮ್ಮಕ್ಕೆ ಬಂದಾಗ ಮಹಾರ ಅನ್ನೋದನ್ನೂ ಹಿಂದೆ ಬಿಟ್ಟು ಬಂದ್ರಲ್ವಾ? ಹೌದು, ಬಿಟ್ರು. ಆದರೆ ಹೆಸರು ಬಿಡೋದು ಬೇರೆ, ಹೆಸರು ಬಚ್ಚಿಡೋದು ಬೇರೆ. 1941ರಲ್ಲಿ ಆ ಹೆಸರನ್ನ ಟೋಪಿ ಮೇಲೆ ಹಾಕಿಸಿದ ಮನುಷ್ಯನೇ 1956ರಲ್ಲಿ ಅದನ್ನ ದಾಟಿ ಹೋದದ್ದು. ಎರಡನ್ನೂ ಹಗಲು ಬೆಳಕಲ್ಲಿ, ಎಲ್ಲರ ಮುಂದೆ, ತಲೆ ಎತ್ತಿ ಮಾಡಿದ್ರು. ಹೆದರಿ ಅಡಗಿಸಲಿಲ್ಲ.

ನಾವು ಬೆಂಗಳೂರಲ್ಲಿ ಮಾಡ್ತಿರೋದು ಯಾವುದು? ಉಲ್ಲಾಳ, ನಾಗರಭಾವಿ, ಕೆಂಗೇರಿ ಉಪನಗರದ ಕಡೆ ಟು-ಲೆಟ್ ಬೋರ್ಡ್ ನೋಡಿ ಬಾಡಿಗೆ ಮನೆ ಕೇಳೋಕೆ ಹೋದವರಿಗೆ ಗೊತ್ತು. ನೀರು ಎರಡು ದಿನಕ್ಕೊಮ್ಮೆ, ಅಡ್ವಾನ್ಸ್ ಇಷ್ಟು ಅಂತ ಹೇಳಿದ ಮೇಲೆ ಮೆತ್ತಗೆ ಒಂದು ಪ್ರಶ್ನೆ ಬರುತ್ತೆ: "ನೀವು ಯಾವ ಜನ?" ಇನ್ನೂ ನಾಜೂಕಿನವರು "ವೆಜ್ಜಾ?" ಅಂತಾರೆ. ಆಗ ನಮ್ಮವರ ಬಾಯಲ್ಲಿ ಬೇರೆ ಯಾರದ್ದೋ ಜಾತಿ ಬರುತ್ತೆ. ಮಕ್ಕಳಿಗೆ "ಯಾರಾದ್ರೂ ಕೇಳಿದ್ರೆ ಹೇಳಬೇಡ" ಅಂತ ಮನೇಲೇ ಪಾಠ ಆಗುತ್ತೆ. ಬಾಬಾಸಾಹೇಬರ ಫೋಟೋ ಹಾಲ್‌ನಿಂದ ಒಳಗಿನ ರೂಮಿಗೆ ಹೋಗುತ್ತೆ. ನಾನು ಅವರನ್ನ ಬೈಯಲ್ಲ. ತಲೆ ಮೇಲೊಂದು ಸೂರು ಬೇಕು, ಮಕ್ಕಳ ಶಾಲೆ ಹತ್ರ ಇರಬೇಕು. ತಪ್ಪು ಕೇಳೋರದ್ದು, ಹೇಳದೇ ಇರೋರದ್ದಲ್ಲ. ಆದರೆ ಅದರ ಬೆಲೆ ಏನು ಅಂತ 2025ರ ಬೇಸಿಗೆಯಲ್ಲಿ ಗೊತ್ತಾಯ್ತು.

ನ್ಯಾಯಮೂರ್ತಿ ನಾಗಮೋಹನ ದ���ಸ್ ಆಯೋಗ ಒಳಮೀಸಲಾತಿಗಾಗಿ ಮೇ ತಿಂಗಳಿಂದ ಸಮೀಕ್ಷೆ ಮಾಡಿಸ್ತು. ಹಳ್ಳಿಗಳಲ್ಲಿ ಜನ ಹೆಸರು ಬರೆಸಿದ್ರು. ಬೆಂಗಳೂರು ಹಿಂದೆ ಬಿತ್ತು, ದಿನಾಂಕ ಮುಂದಕ್ಕೆ ಹಾಕಬೇಕಾಯ್ತು. ಮೈಸೂರು ಸಂಸ್ಥಾನದ ಕಾಲದಿಂದ ಬಂದ ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನೋ ಹೆಸರಿನ ಒಳಗಡೆ ನೀವು ಯಾರು ಅಂತ ಕೇಳಿದ್ರೆ ಕೆಲವರಿಗೆ ಗೊತ್ತಿರಲಿಲ್ಲ, ಕೆಲವರಿಗೆ ಹೇಳೋ ಧೈರ್ಯ ಇರಲಿಲ್ಲ. ಓನರ್ ಮೇಲಿನ ಮನೇಲೇ ಇದ್ದಾರೆ, ಬಾಗಿಲಲ್ಲಿ ನಿಂತು ಹೊಲೆಯ ಅಂತಲೋ ಮಾದಿಗ ಅಂತಲೋ ಬರೆಸೋದು ಹೇಗೆ? ಆಗಸ್ಟ್‌ನಲ್ಲಿ ಸರ್ಕಾರ 17 ಪರ್ಸೆಂಟನ್ನ 6, 6, 5 ಅಂತ ಹಂಚಿತು. ಆ ಹಂಚಿಕೆ ಸರಿಯೋ ತಪ್ಪೋ ಅನ್ನೋ ಜಗಳವನ್ನ ಇವತ್ತು ಇಲ್ಲಿ ಎತ್ತಲ್ಲ, ಎಡಗೈ ಬಲಗೈ ಎರಡೂ ಕಡೆಯ ಸ್ನೇಹಿತರು ಇದನ್ನ ಓದ್ತಿದ್ದೀರಿ. ನಾನು ಹೇಳೋದು ಇಷ್ಟೇ: ಹೆಸರು ಹೇಳದವರ ಪಾಲನ್ನ ಯಾವ ಲೆಕ್ಕದಲ್ಲೂ ಹುಡುಕೋಕಾಗಲ್ಲ.

1975ರಲ್ಲಿ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಕವನ ಸಂಕಲನಕ್ಕೆ "ಹೊಲೆಮಾದಿಗರ ಹಾಡು" ಅಂತ ಹೆಸರಿಟ್ರು. ಅದೇ ನಮ್ಮ ಕನ್ನಡದ ಟೋಪಿ ಬಿಲ್ಲೆ. ಪುಸ್ತಕದಂಗಡಿಯಲ್ಲಿ ಯಾವ ಜಾತಿಯವನೇ ಆಗಲಿ ಆ ಪುಸ್ತಕ ಬೇಕಾದ್ರೆ ಆ ಹೆಸರನ್ನ ಬಾಯಿಬಿಟ್ಟು ಕೇಳಬೇಕಿತ್ತು. ದಲಿತ ಸಂಘರ್ಷ ಸಮಿತಿಯ ಕಾಲದ ಹುಡುಗರು ಆ ಧೈರ್ಯದಿಂದ ಬೆಳೆದವರು. ಐವತ್ತು ವರ್ಷ ಆದಮೇಲೆ ನಾವು ವಾಟ್ಸಾಪ್ ಡಿಪಿಯಲ್ಲಿ ನೀಲಿ ಬಾವುಟ ಹಾಕಿ, ಬಾಡಿಗೆ ಮನೆ ಬಾಗಿಲಲ್ಲಿ ದನಿ ತಗ್ಗಿಸ್ತಿದ್ದೀವಿ.

ಹಾಗಾಗಿ ಮೂರು ಮಾತು ಹೇಳಿ ಮುಗಿಸ್ತೀನಿ. ಒಂದು, ಮುಂದಿನ ವರ್ಷದಿಂದ ಜನವರಿ 1ರ ಜೊತೆ ಅಕ್ಟೋಬರ್ 1ನ್ನೂ ನಮ್ಮ ಕ್ಯಾಲೆಂಡರಿಗೆ ಸೇರಿಸೋಣ. ಬೆಳಗಾವಿಯ ಸಂಗಾತಿಗಳು ಮುಂದೆ ಬಂದ್ರೆ ಅಲ್ಲೇ ಒಂದು ಸಭೆ ಮಾಡೋಣ, ಮಹಾರ್ ರೆಜಿಮೆಂಟಿನಲ್ಲಿ ದುಡಿದ ನಿವೃತ್ತ ಯೋಧರನ್ನ, ಅವರು ಯಾವ ಜಾತಿಯವರೇ ಆಗಿರಲಿ, ಕರೆದು ಕೂರಿಸೋಣ. ಬೆಳಗಾವಿಯಲ್ಲಿ ಹುಟ್ಟಿದ ಗುರುತಿಗೆ ಒಂದು ಫಲಕ ಹಾಕಿ ಅಂತ ಜಿಲ್ಲಾಡಳಿತಕ್ಕೆ ಅರ್ಜಿ ಕೊಡೋಣ. ಸ್ವೀಕೃತಿ ಸೀಲು ಹಾಕಿಸ್ಕೊಳ್ಳೋದು ಮರೀಬೇಡಿ, ಹಿಂಬರಹ ಬಂದ್ರೆ ಮತ್ತೆ ಬರೆಯೋಣ.

ಎರಡು, ಸಂಜೆ ಟ್ಯೂಷನ್ ನಡೆಸೋ ನಮ್ಮ ಗೆಳೆಯರು ಮಕ್ಕಳಿಗೆ ಕೋರೆಗಾಂವ್ ಹೇಳಿಕೊಡುವಾಗ ವಲಂಗಕರ್, ಕಾಂಬಳೆಯವರ ಅರ್ಜಿಯನ್ನೂ ಹೇಳಿ. ಒಂದು ಅರ್ಜಿ ಹೇಗೆ ಬರೀಬೇಕು, ವಿಷಯ, ಉಲ್ಲೇಖ ಎಲ್ಲಿ ಹಾಕಬೇಕು, ಯಾರಿಗೆ ಪ್ರತಿ ಕೊಡಬೇಕು ಅಂತ ಹತ್ತನೇ ಕ್ಲಾಸಿನ ಹುಡುಗಿಗೆ ಬಂದ್ರೆ ಅದು ಯಾವ ಕಠಾರಿಗೂ ಕಡಿಮೆ ಅಲ್ಲ.

ಮೂರು, ಯಾರಾದ್ರೂ "ಯಾವ ಜನ?" ಅಂತ ಕೇಳಿದಾಗ ಒಬ್ಬರೇ ಧೈರ್ಯ ಮಾಡಿ ಅಂತ ಹೇಳೋದು ಸುಲಭ, ಮನೆ ಕಳ್ಕೊಳ್ಳೋರು ಅವರು. ಆದ್ದರಿಂದ ಮನೆ ಹುಡುಕೋಕೆ ಹೋಗೋರ ಜೊತೆ ನಮ್ಮಲ್ಲಿ ಇಬ್ಬರು ಹೋಗೋಣ. ಹೆಸರು ಹೇಳಿದ್ದಕ್ಕೆ ಮನೆ ಇಲ್ಲ ಅಂದವರ ಬಗ್ಗೆ ತಾರೀಖು ಹಾಕಿ ಬರೆದಿಡೋಣ. ಮಹಾರ್ ಅನ್ನೋ ಹೆಸರು ಭುಜದ ಮೇಲೆ ಕೂತದ್ದು ಒಬ್ಬನ ಧೈರ್ಯದಿಂದಲ್ಲ, ಒಂದು ಬೆಟಾಲಿಯನ್ನಿನಷ್ಟು ಜನ ಒಟ್ಟಿಗೆ ಹಾಕ್ಕೊಂಡಿದ್ದರಿಂದ.

ಜೈಭೀಮ್. ಜೈ ಸಂವಿಧಾನ.